ಹಿನಕಲ್ ಬಾವಿಯ ಅಧಿಕೃತ ಸ್ಥಳ

ಮೈಸೂರಿನ ಹಿನಕಲ್ಲಿನಲ್ಲಿ ಕೆಂಚಮ್ಮನವರ ಮನೆಯ ಎದುರಿಗಿರುವ ಸೇದುವ ಬಾವಿಯು ಉತ್ತರ ಧ್ರುವದ ಹತ್ತಿರದ ಸಮುದ್ರದಲ್ಲಿದೆ. ಈ ವಿಷಯ ನಮ್ಮ ಸಂಸ್ಥೆಯ ಕಡತದಲ್ಲಿ ಮೊಹರಿನ ಸಮೇತ ದಾಖಲಾಗಿರುವುದರಿಂದ ಯಾರೂ ಅನುಮಾನ ಇಟ್ಟುಕೊಳ್ಳಬೇಕಾಗಿಲ್ಲ. ಆದರೂ ಹೊಸಬರು ಕೇಳಿದಾಗ ಕಣ್ಣರಳಿಸುತ್ತಾರೆ, ಕೆಲವರು ನಗುತ್ತಾರೆ. ಅಂಥವರ ಅನುಕೂಲಕ್ಕಾಗಿ, ಬಾವಿ ಅಲ್ಲಿಗೆ ಹೋದದ್ದು ಹೇಗೆಂದು ಕ್ರಮವಾಗಿ ಬರೆದಿಡುವುದು ಕಡತ ಶಾಖೆಯ ಅಧೀಕ್ಷಕನಾದ ನನ್ನ ಕರ್ತವ್ಯ. ನನ್ನ ಹೆಸರು ವಿಶ್ವನಾಥ್. ಇಪ್ಪತ್ತಾರು ವರ್ಷದ ಸೇವೆಯಲ್ಲಿ ನಾನು ಒಂದೇ ಒಂದು ಕಾಗದವನ್ನೂ ಕಳೆದವನಲ್ಲ. ಸಿಗದೇ ಹೋದವು ಬೇರೆ.

ನಮ್ಮದು ನಾಡುನುಡಿ ಮಾನವಿಕ ಸಂಶೋಧನಾ ಪ್ರತಿಷ್ಠಾನ. ನಿರ್ದೇಶಕರು ಡಾ. ವೃಷಭೇಂದ್ರಪ್ಪನವರು. ಕಳೆದ ವರ್ಷ ಜನವರಿಯಲ್ಲಿ ಮೇಲಿನಿಂದ ಒಂದು ಪತ್ರ ಬಂತು. ಇನ್ನು ಮುಂದೆ ಸಾಹಿತ್ಯ, ಇತಿಹಾಸ, ಜಾನಪದ ಓದುವವರೆಲ್ಲ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವುದನ್ನು ಕಲಿಯತಕ್ಕದ್ದು. ಯಾವ ಹಾಡು ಯಾವ ಊರಲ್ಲಿ ಹುಟ್ಟಿತು, ಯಾವ ಕಥೆ ಯಾವ ದಾರಿ ಹಿಡಿದು ಹೋಯಿತು, ಯಾವ ಸಂತೆಗೆ ಎಲ್ಲಿಂದ ಜನ ಬಂದರು ಎಂಬುದನ್ನೆಲ್ಲ ನಕ್ಷೆಯ ಮೇಲೆ ಗುರುತಿಸತಕ್ಕದ್ದು. ಹಾಗೆ ಗುರುತಿಸಿ ಪ್ರತಿಷ್ಠಾನ ಮೊಹರು ಹಾಕಿದ ಜಾಗ ರಕ್ಷಿತ ಸ್ಥಳವಾಗುತ್ತದೆ, ಅದನ್ನು ಯಾರೂ ಮುಟ್ಟತಕ್ಕದ್ದಲ್ಲ. ಪತ್ರ ಓದಿದ ನಿರ್ದೇಶಕರು ಅರ್ಧ ಗಂಟೆಯೊಳಗೆ ಆರು ದಿನದ ತರಬೇತಿ ಶಿಬಿರಕ್ಕೆ ಟಿಪ್ಪಣಿ ಬರೆಸಿದರು.

ಶಿಬಿರ ಬಹಳ ಅಚ್ಚುಕಟ್ಟಾಗಿ ನಡೆಯಿತು. ಮೊದಲನೆಯ ದಿನ ಪೂರ್ತಿ ಉದ್ಘಾಟನೆ. ಸಮಾರೋಪಕ್ಕೆ ಒಪ್ಪಿಕೊಂಡಿದ್ದ ಅತಿಥಿಗಳ ಮನೆಯಲ್ಲಿ ಮೂರನೆಯ ದಿನದಿಂದ ಮದುವೆ ಓಡಾಟವಿದ್ದದ್ದರಿಂದ ಎರಡನೆಯ ದಿನವೇ ಸಮಾರೋಪ ಮಾಡಿ, ಹದಿನಾಲ್ಕು ಮಂದಿ ಶಿಬಿರಾರ್ಥಿಗಳಿಗೂ 'ನಕ್ಷೆ ವಿದ್ಯೆಯನ್ನು ಯಶಸ್ವಿಯಾಗಿ ಕಲಿತಿದ್ದಾರೆ' ಎಂಬ ಪ್ರಮಾಣಪತ್ರ ಕೊಟ್ಟೆವು. ಮೂರನೆಯ ದಿನ ಪಾಠ ಶುರುವಾಯಿತು. "ಕಲಿತವರಿಗೆ ಕಲಿಸೋದು ಬಹಳ ಸುಲಭ ಕಣ್ರೀ," ಎಂದು ನಿರ್ದೇಶಕರು ಪಾಠ ಹೇಳಲು ಬಂದಿದ್ದ ಸುಷ್ಮಾ ಮೇಡಂಗೆ ಧೈರ್ಯ ಹೇಳಿದರು.

ಸುಷ್ಮಾ ಮೇಡಂ ಬುದ್ಧಿವಂತೆ, ಸ್ವಲ್ಪ ಅನುಭವ ಕಡಿಮೆ. ನಕ್ಷೆಯಲ್ಲಿ ಎಲ್ಲವೂ ಒಂದೋ ಬಿಂದು, ಇಲ್ಲ ಗೆರೆ, ಇಲ್ಲ ಆವರಣ ಎಂದು ಅವರು ವಿವರಿಸಿದರು. ಬಾವಿ ಬಿಂದು, ರಸ್ತೆ ಗೆರೆ, ಕೆರೆ ಆವರಣ. ಆಗ ಒಬ್ಬ ಸಂಶೋಧಕರು ಎದ್ದು ನಿಂತು, ತಮ್ಮ ಮಾರ್ಗದರ್ಶಕರು ಹುಟ್ಟಿದ ಮನೆಯನ್ನು ಬಿಂದುವಾಗಿ ತೋರಿಸಿದರೆ ಅಗೌರವವಾಗುತ್ತದೆ, ಆವರಣವಾಗಿಯೇ ತೋರಿಸಬೇಕು ಎಂದು ಕೇಳಿಕೊಂಡರು. ಮಾರ್ಗದರ್ಶಕರು ಅಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದರಿಂದ ಅದು ಸರ್ವಾನುಮತದಿಂದ ಒಪ್ಪಿಗೆಯಾಯಿತು. ಆಮೇಲೆ ಪದರಗಳ ಪಾಠ. ನಕ್ಷೆಯಲ್ಲಿ ರಸ್ತೆಗಳದ್ದೊಂದು ಪದರ, ಕೆರೆಗಳದ್ದೊಂದು ಪದರ, ಒಂದರ ಮೇಲೊಂದು ಹೊದಿಸುತ್ತಾ ಹೋಗಬೇಕು ಎಂದರು ಮೇಡಂ. ಎಲ್ಲಕ್ಕಿಂತ ಮೇಲಿನ ಪದರ ಯಾರದೆಂದು ನಿರ್ದೇಶಕರು ಕೇಳಿದರು. ಪ್ರತಿಷ್ಠಾನದ ಲಾಂಛನವನ್ನು ಎಲ್ಲಕ್ಕಿಂತ ಮೇಲೆ ಹಾಕಿಸಲಾಯಿತು. ಅದರಡಿಯಲ್ಲಿ ಸಿದ್ಧಾರ್ಥನಗರದಿಂದ ಹಿನಕಲ್‌ವರೆಗೆ ಇಡೀ ಮೈಸೂರು ಮುಚ್ಚಿಹೋಯಿತು. ನಿರ್ದೇಶಕರಿಗೆ ಅಷ್ಟು ಸಂತೋಷವಾದದ್ದನ್ನು ನಾನು ನೋಡಿರಲಿಲ್ಲ. ಅವರು ಊಟಕ್ಕೆ ಹೋದ ಮೇಲೆ ಮೇಡಂ ಅದನ್ನು ಸದ್ದಿಲ್ಲದೆ ತೆಗೆದರು.

ಹದಿನಾಲ್ಕು ಶಿಬಿರಾರ್ಥಿಗಳಲ್ಲಿ ನಿಶ್ಚಿತಾ ಎಂಬ ಹುಡುಗಿಗೆ ಮಾತ್ರ ನಕ್ಷೆ ನಿಜವಾಗಿಯೂ ಬೇಕಾಗಿತ್ತು. ಉಳಿದವರಿಗೆ ಬೇಕಾಗಿದ್ದದ್ದು ಪ್ರಮಾಣಪತ್ರ, ಅದು ಎರಡನೆಯ ದಿನವೇ ಸಿಕ್ಕಿತ್ತು. ನಿಶ್ಚಿತಾ ಡಾಕ್ಟರೇಟ್ ಮಾಡುತ್ತಿದ್ದದ್ದು ಬಾವಿಕಟ್ಟೆಯಲ್ಲಿ ಹೆಂಗಸರು ಆಡಿದ ಮಾತುಗಳ ಬಗ್ಗೆ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂಬ ಗಾದೆಯನ್ನು ನಾವೆಲ್ಲ ಹೇಳುತ್ತೇವೆ. ಆದರೆ ಹಾಗೆ ನೀರಿಗೆ ಬಂದವಳು ಅಲ್ಲಿ ಏನು ಮಾತಾಡಿದಳು ಎಂದು ಕೇಳಿ ಬರೆದುಕೊಂಡವರಿಲ್ಲ. ಆ ಕೆಲಸವನ್ನು ಈಕೆ ನಾಲ್ಕು ವರ್ಷದಿಂದ ಹಿನಕಲ್ಲಿನ ಕೆಂಚಮ್ಮನವರ ಜೊತೆ ಕೂತು ಮಾಡುತ್ತಿದ್ದಳು. ಹಿನಕಲ್ ಹಳ್ಳಿಯಾಗಿದ್ದಾಗ ಕೆಂಚಮ್ಮನವರದು ಹೊಲ ಉಳುವ ಮನೆ. ಈಗ ಊರು ಸಿಟಿಯೊಳಗೆ ಸೇರಿ ಹೊಲದ ಮೇಲೆ ಮೂರಂತಸ್ತಿನ ಮನೆಗಳಿವೆ, ಬಾವಿ ಒಂದು ಉಳಿದಿದೆ. ಎಪ್ಪತ್ತೆಂಟರ ಅಜ್ಜಿ ಈಗಲೂ ದಿನಾ ಎರಡು ಬಿಂದಿಗೆ ಸೇದುತ್ತಾರೆ. ಕಟ್ಟೆಯ ಕಲ್ಲಿನಲ್ಲಿ ಹಗ್ಗ ಉಜ್ಜಿ ಆಗಿರುವ ಒಂದೊಂದು ಗೀರಿಗೂ ಅಜ್ಜಿಯ ಹತ್ತಿರ ಒಬ್ಬೊಬ್ಬ ಸೊಸೆಯ ಕಥೆಯಿದೆ.

ಆ ಬಾವಿಗೆ ಜುಲೈ ಒಂದಕ್ಕೆ ಗಂಡಾಂತರವಿತ್ತು. ತಗ್ಗು ಭರ್ತಿ ಮತ್ತು ಸೌಂದರ್ಯೀಕರಣ ಉಪವಿಭಾಗದವರು ನೋಟಿಸು ಅಂಟಿಸಿದ್ದರು. ಸದರಿ ಬಾವಿಯನ್ನು ಮಣ್ಣು ತುಂಬಿ ಮುಚ್ಚಿ, ನಮ್ಮ ಹಿರಿಯರ ಬಾವಿ ಸಂಸ್ಕೃತಿಯ ನೆನಪಿಗಾಗಿ ಅದರ ಮೇಲೆ ಒಂದು ಫೈಬರ್ ಬಾವಿಯನ್ನು ನಿರ್ಮಿಸಲಾಗುವುದು. ಪಕ್ಕದಲ್ಲಿ ಬಿಂದಿಗೆ ಹೊತ್ತ ಫೈಬರ್ ಹೆಣ್ಣುಮಗಳು, ಸುತ್ತ ಬಣ್ಣದ ದೀಪ, ಸಾರ್ವಜನಿಕರು ಸೆಲ್ಫಿ ತೆಗೆದುಕೊಳ್ಳಬಹುದು. ರಕ್ಷಿತ ಸ್ಥಳಗಳಿಗೆ ಮಾತ್ರ ಇದರಿಂದ ವಿನಾಯಿತಿ. ಯೋಜನೆ ಸುಂದರವಾಗಿತ್ತು, ಅದನ್ನು ನಾನು ಅಲ್ಲಗಳೆಯಲಾರೆ.

"ಬಾವಿ ಮುಚ್ಬುಟ್ಟು ಬಾವಿ ಬೊಂಬೆ ಮಡಗ್ತಾರಂತೆ ಕಣವ್ವ," ಎಂದರಂತೆ ಕೆಂಚಮ್ಮ. "ನಾಳಿಕ್ಕೆ ನನ್ನೂ ಊತ್ಬುಟ್ಟು ನನ್ ಬೊಂಬೆ ಮಡಗ್ಬುಡ್ತಾರೆ ನೋಡು. ಅದಾದ್ರೂ ಸೊಂಟ ನೋವು ಅನ್ನಕ್ಕಿಲ್ಲ."

ನಿಶ್ಚಿತಾ ಅಜ್ಜಿಗೆ ಮಾತು ಕೊಟ್ಟಳು. ಬಾವಿ ನಕ್ಷೆ ಏರಿದರೆ ಮೊಹರು ಬೀಳುತ್ತದೆ, ಮೊಹರು ಬಿದ್ದರೆ ಯಾರೂ ಮುಟ್ಟುವ ಹಾಗಿಲ್ಲ.

ನಾಲ್ಕನೆಯ ದಿನ ಎಲ್ಲರೂ ತಮ್ಮ ತಮ್ಮ ಜಾಗದ ಅಂಕಿಗಳನ್ನು ಅಚ್ಚಾದ ನಮೂನೆಯಲ್ಲಿ ತುಂಬಬೇಕಾಗಿತ್ತು. ಭೂಮಿಯ ಮೇಲಿನ ಯಾವ ಜಾಗಕ್ಕೂ ಎರಡು ಅಂಕಿ ಸಾಕಂತೆ. ಉತ್ತರಕ್ಕೆ ಎಷ್ಟು ಎಂಬುದು ಅಕ್ಷಾಂಶ, ಪೂರ್ವಕ್ಕೆ ಎಷ್ಟು ಎಂಬುದು ರೇಖಾಂಶ. ಹಿನಕಲ್ ಬಾವಿಗೆ ಉತ್ತರ ಹನ್ನೆರಡು ಚಿಲ್ಲರೆ, ಪೂರ್ವ ಎಪ್ಪತ್ತಾರು ಚಿಲ್ಲರೆ. ನಮೂನೆಯಲ್ಲಿ ಮೊದಲ ಮನೆಯ ತಲೆಬರಹ ಅಕ್ಷಾಂಶ, ಎರಡನೆಯದು ರೇಖಾಂಶ. ನಿಶ್ಚಿತಾ ಹಾಗೆಯೇ ತುಂಬಿ ಕೊಟ್ಟಳು. ಅಷ್ಟರಲ್ಲಿ ನಿರ್ದೇಶಕರು ಮೇಲ್ವಿಚಾರಣೆಗೆ ಬಂದರು.

"ಇದರಲ್ಲಿ ಪೂರ್ವ ಯಾವುದ್ರೀ?" ಎಂದು ಕೇಳಿದರು.

"ಎರಡನೇದು ಸಾರ್, ಎಪ್ಪತ್ತಾರು," ಎಂದರು ಸುಷ್ಮಾ ಮೇಡಂ.

ನಿರ್ದೇಶಕರ ಮುಖ ಬಿಳಿಚಿಕೊಂಡಿತು. ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಪ್ರತಿಷ್ಠಾನದಲ್ಲಿ ಪೂರ್ವಕ್ಕೇ ಮೊದಲ ಮರ್ಯಾದೆ. ಕುರ್ಚಿಗಳೆಲ್ಲ ಪೂರ್ವಕ್ಕೆ ಮುಖ ಮಾಡಿವೆ. ಹಾಗಾಗಿ ಸಭೆಯಲ್ಲಿ ಒಬ್ಬರ ಬೆನ್ನು ಇನ್ನೊಬ್ಬರು ನೋಡಿಕೊಂಡು ಮಾತಾಡುತ್ತೇವೆ, ಜಗಳಗಳು ಬಹಳ ಕಡಿಮೆಯಾಗಿವೆ. ಕಡತದ ದಾರವನ್ನು ಪೂರ್ವದ ತುದಿಯಿಂದ ಬಿಚ್ಚುತ್ತೇವೆ. ಊಟದ ಡಬ್ಬಿಯನ್ನೂ ಹಾಗೆಯೇ. ಇಂಥ ಸಂಸ್ಥೆಯ ನಮೂನೆಯಲ್ಲಿ ಪೂರ್ವ ಎರಡನೆಯ ಮನೆಯಲ್ಲಿ ಕೂತಿದೆ ಎಂದರೆ ಯಾರ ಮುಖ ತಾನೇ ಬಿಳಿಚುವುದಿಲ್ಲ? ಕೂಡಲೇ ನನ್ನನ್ನು ಕರೆಸಿ ಸುತ್ತೋಲೆ ಬರೆಸಿದರು:

'ಸುತ್ತೋಲೆ ಸಂಖ್ಯೆ ೧೧. ದಿಕ್ಕುಗಳಲ್ಲಿ ಪೂರ್ವವೇ ಹಿರಿಯದಾದ್ದರಿಂದ ನಕ್ಷೆಯ ನಮೂನೆಗಳಲ್ಲಿ ಪೂರ್ವದ ಅಂಕಿಯನ್ನು ಮೊದಲನೆಯ ಮನೆಯಲ್ಲಿಯೂ ಉತ್ತರದ ಅಂಕಿಯನ್ನು ಎರಡನೆಯ ಮನೆಯಲ್ಲಿಯೂ ಬರೆಯತಕ್ಕದ್ದು. ಮನೆಗಳ ತಲೆಬರಹವನ್ನು ಬದಲಾಯಿಸತಕ್ಕದ್ದಲ್ಲ, ನಮೂನೆ ಈಗಾಗಲೇ ಅಚ್ಚಾಗಿದೆ.'

"ಸಾರ್, ಅಕ್ಷಾಂಶದ ಮನೇಲಿ ರೇಖಾಂಶ ಹಾಕಿದ್ರೆ ಬಿಂದು ಎಲ್ಲೋ ಹೋಗ್ಬಿಡುತ್ತೆ!" ಎಂದರು ಮೇಡಂ.

"ಹೋಗ್ಲಿ ಬಿಡಿ ಮೇಡಂ. ಸಂಶೋಧನೆ ಅಂದ್ಮೇಲೆ ಓಡಾಟ ಇರಬೇಕು."

"ನಾನು ಕಲಿಸಿದ್ದೇ ತಪ್ಪು ಅಂತಾಗುತ್ತೆ ಸಾರ್."

"ಏನೂ ಆಗಲ್ಲ. ಸಮಾರೋಪ ಆಗಿಹೋಗಿದೆ."

ಹದಿನಾಲ್ಕು ನಮೂನೆಗಳನ್ನೂ ಪೂರ್ವ ಮೊದಲಾಗಿ ತಿದ್ದಿ ಕಂಪ್ಯೂಟರಿಗೆ ಉಣಿಸಲಾಯಿತು. ಪರದೆಯ ಮೇಲೆ ಭೂಮಿ ಗಿರ್ರನೆ ತಿರುಗಿ, ಭಾರತ ಕೆಳಗೆ ಜಾರಿ, ಮೇಲೆ ಮೇಲೆ ಹೋಗಿ ನಿಂತಿತು. ಎಲ್ಲಿ ನೋಡಿದರೂ ನೀಲಿ. ನಾರ್ವೆಗೂ ಆಚೆ, ಸ್ವಾಲ್ಬಾರ್ಡ್ ಎಂಬ ಹಿಮದ ದ್ವೀಪಗಳ ಪಕ್ಕದ ಸಮುದ್ರದಲ್ಲಿ ನಮ್ಮ ಹದಿನಾಲ್ಕು ಬಿಂದುಗಳು ಸಾಸಿವೆ ಚೆಲ್ಲಿದಂತೆ ಬಿದ್ದಿದ್ದವು. ಏಳನೆಯದು ಹಿನಕಲ್ ಬಾವಿ.

ನಿರ್ದೇಶಕರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ಆಹಾ! ಬಾವೀಲಿ ಎಷ್ಟೊಂದು ನೀರು ಕಣ್ರೀ!" ಎಂದರು.

ನಾನು ಮೊಹರು ಹಾಕಿದೆ.

ಮರುದಿನ ಬೆಳಿಗ್ಗೆ ಕಚೇರಿ ಬಾಗಿಲು ತೆಗೆಯುವ ಹೊತ್ತಿಗೆ ನಿಶ್ಚಿತಾ ಮೆಟ್ಟಿಲ ಮೇಲೆ ಕೂತಿದ್ದಳು. ರಾತ್ರಿ ನಿದ್ದೆ ಮಾಡಿದ ಮುಖವಲ್ಲ. ತಿದ್ದುಪಡಿ ಮಾಡಿಕೊಡಿ ಎಂದು ಅರ್ಜಿ ಕೊಟ್ಟಳು. ನನಗೂ ಹೆಣ್ಣುಮಕ್ಕಳಿದ್ದಾರೆ, ನೋಡಿ ಅಯ್ಯೋ ಅನ್ನಿಸಿತು. ಆದರೆ ನಿಯಮ ಸ್ಪಷ್ಟವಾಗಿದೆ. ಮೊಹರು ಬಿದ್ದ ಬಿಂದುವನ್ನು ಬದಲಾಯಿಸಬೇಕಾದರೆ ನಮೂದಾಗಿರುವ ಜಾಗಕ್ಕೇ ಹೋಗಿ, ಸ್ಥಳ ಪರಿಶೀಲಿಸಿ, ಅಕ್ಕಪಕ್ಕದ ಇಬ್ಬರ ಸಹಿಯೊಂದಿಗೆ ಮಹಜರು ಮಾಡಬೇಕು. ಇದನ್ನು ಆಕೆಗೆ ಸಮಾಧಾನವಾಗಿ ತಿಳಿಸಿದೆ.

"ಸಾರ್, ಅಲ್ಲಿ ಅಕ್ಕಪಕ್ಕ ಅಂದ್ರೆ ಹಿಮಕರಡಿಗಳು ಸಾರ್!" ಎಂದಳು.

"ಸಹಿ ಬರದಿದ್ದರೆ ಹೆಬ್ಬೆಟ್ಟು ಆದೀತಮ್ಮ," ಎಂದೆ. ನಮ್ಮ ನಿಯಮಗಳಲ್ಲಿ ಮಾನವೀಯತೆ ಇಲ್ಲವೆಂದು ಯಾರೂ ಹೇಳುವಂತಿಲ್ಲ.

ಜಾಗ ವಿದೇಶದಲ್ಲಿದೆ ಎಂಬ ಮಾತು ನಿರ್ದೇಶಕರ ಕಿವಿಗೆ ಬಿದ್ದದ್ದೇ ತಡ, ಅವರೇ ಎದ್ದು ಬಂದರು. "ಒಬ್ಬಳು ಹೆಣ್ಣುಮಗಳನ್ನ ಅಷ್ಟು ದೂರ ಕಳಿಸೋದು ಪ್ರತಿಷ್ಠಾನಕ್ಕೆ ಶೋಭೆನಾ? ನಾವೇ ಹೋಗ್ತೀವಿ ಕಣಮ್ಮ, ನೀನು ನೆಮ್ಮದಿಯಾಗಿರು," ಎಂದರು. ಸ್ಥಳ ಪರಿಶೀಲನಾ ಸಮಿತಿ ರಚನೆಯಾಯಿತು. ಅಧ್ಯಕ್ಷರು ನಿರ್ದೇಶಕರು. ಬಾವಿಯ ಅನುಭವವುಳ್ಳ ಮಹಿಳಾ ಸದಸ್ಯರು ಕಡ್ಡಾಯವಾಗಿದ್ದರಿಂದ, ತವರುಮನೆಯಲ್ಲಿ ನೀರು ಸೇದಿ ಅಭ್ಯಾಸವಿದ್ದ ಅವರ ಶ್ರೀಮತಿ ಪ್ರೇಮಲೀಲಾ ಅವರು ಒಬ್ಬರು. ಮೊಹರು ನನ್ನ ಸುಪರ್ದಿಯಿಂದ ಹೊರಗೆ ಹೋಗುವಂತಿಲ್ಲವಾದ್ದರಿಂದ ಅದರ ಜೊತೆಯಲ್ಲಿ ನಾನು. ನಿಶ್ಚಿತಾ ಅರ್ಜಿದಾರಳಾಗಿದ್ದು ಬಾವಿಯ ವಿಷಯದಲ್ಲಿ ಪಕ್ಷಪಾತಿಯಾಗುವ ಸಂಭವವಿದ್ದದ್ದರಿಂದ ಅವಳನ್ನು ಬಿಡಲಾಯಿತು.

ಜೂನ್ ಮೊದಲ ವಾರ ಹೊರಟೆವು. ಮಂಕಿ ಟೋಪಿ, ಸ್ವೆಟರು, ನಾಲ್ಕು ಡಬ್ಬ ಚಟ್ನಿಪುಡಿ, ಒಂದು ಸ್ಟೀಲ್ ಬಿಂದಿಗೆ, ಹತ್ತು ಮಾರು ಸೇದುವ ಹಗ್ಗ. ಅಲ್ಲಿ ಆ ಕಾಲದಲ್ಲಿ ಸೂರ್ಯ ಮುಳುಗುವುದೇ ಇಲ್ಲ. ನಾವು ಹನ್ನೊಂದು ದಿನ ಇದ್ದೆವು, ಒಮ್ಮೆಯೂ ಕತ್ತಲಾಗಲಿಲ್ಲ. ಸೂರ್ಯೋದಯದಿಂದ ಸೂರ್ಯೋದಯಕ್ಕೆ ಒಂದು ದಿನವೆಂದು ರಜೆಯ ನಿಯಮದಲ್ಲಿರುವುದರಿಂದ, ಸೂರ್ಯ ಹುಟ್ಟದೆ ದಿನ ಬದಲಾಗುವುದಿಲ್ಲವೆಂದು ತೀರ್ಮಾನಿಸಿ ಇಡೀ ಪ್ರವಾಸವನ್ನು ಒಂದೇ ದಿನದ ಕರ್ತವ್ಯವೆಂದು ಹಾಜರಿ ಪುಸ್ತಕದಲ್ಲಿ ಬರೆದೆ. ಅಷ್ಟು ಉದ್ದದ ದಿನ ದುಡಿದದ್ದಕ್ಕೆ ಆಮೇಲೆ ಹತ್ತು ದಿನ ಪರಿಹಾರ ರಜೆಯೂ ಸಿಕ್ಕಿತು.

ಹಡಗಿನವನು ತನ್ನ ಯಂತ್ರ ನೋಡಿ ಒಂದು ಕಡೆ ನಿಲ್ಲಿಸಿ, ಇದೇ ನೀವು ಹೇಳಿದ ಜಾಗ ಎಂದ. ಪ್ರೇಮಲೀಲಾ ಅವರು ಸೆರಗು ಸಿಕ್ಕಿಸಿ, ಕಟಾಂಜನದ ಮೇಲಿಂದ ಬಿಂದಿಗೆ ಇಳಿಬಿಟ್ಟು, ನಾಲ್ಕೇ ಎಳೆತಕ್ಕೆ ತುಂಬು ಬಿಂದಿಗೆ ಮೇಲೆತ್ತಿದರು. ಹಡಗಿನಲ್ಲಿದ್ದ ವಿದೇಶಿಯರೆಲ್ಲ ಚಪ್ಪಾಳೆ ತಟ್ಟಿದರು. ನನಗೆ ಎದೆಯುಬ್ಬಿ ಬಂತು, ಹಿಂದೆಯೇ ವಾಂತಿಯೂ ಬಂತು. ನಿರ್ದೇಶಕರು ಒಂದು ಗುಟುಕು ಕುಡಿದು ಮುಖ ಕಿವುಚಿಕೊಂಡು ವರದಿ ಹೇಳತೊಡಗಿದರು, ನಾನು ಬರೆದುಕೊಂಡೆ:

'ಸದರಿ ಬಾವಿಯಲ್ಲಿ ನೀರು ಯಥೇಚ್ಛವಾಗಿದೆ. ಕಟ್ಟೆ ಕಂಡುಬರಲಿಲ್ಲ, ನಿರ್ವಹಣೆ ಇಲ್ಲದೆ ಕುಸಿದಿರಬಹುದು. ನೀರು ಉಪ್ಪು, ಕುಡಿಯಲು ಯೋಗ್ಯವಲ್ಲ. ಬಾವಿಕಟ್ಟೆಯಲ್ಲಿ ಮಾತನಾಡುತ್ತಿದ್ದ ಮಹಿಳೆಯರು ಯಾರೂ ಇರಲಿಲ್ಲ. ನೆರೆಯವರ ಪೈಕಿ ಒಂದು ನೀರುನಾಯಿಯಂಥ ಪ್ರಾಣಿ ತಲೆ ಎತ್ತಿತಾದರೂ ಮಹಜರಿಗೆ ಸಹಿ ಹಾಕಲು ನಿರಾಕರಿಸಿ ಮುಳುಗಿತು. ಆದ್ದರಿಂದ ತಿದ್ದುಪಡಿ ಅರ್ಜಿಯನ್ನು ವಜಾ ಮಾಡಿದೆ. ಇಷ್ಟು ಶಿಥಿಲವಾದ ಉಪ್ಪುನೀರಿನ ಬಾವಿಯು ರಕ್ಷಣೆಗೆ ಅರ್ಹವಲ್ಲ. ಭರ್ತಿ ಮಾಡಲು ಪ್ರತಿಷ್ಠಾನದ ಅಭ್ಯಂತರವಿಲ್ಲ.'

ಮೈಸೂರಿಗೆ ಬಂದು ಈ ವರದಿಯ ಪ್ರತಿಯನ್ನು ನಿಶ್ಚಿತಾಳ ಕೈಗೆ ಕೊಟ್ಟವನು ನಾನೇ. ಅವಳು ನಿಂತಲ್ಲೇ ಓದಿದಳು. ಬೈಯುತ್ತಾಳೆ ಅಂದುಕೊಂಡಿದ್ದೆ, ಬೈಯಲಿಲ್ಲ. "ಅಜ್ಜಿಗೆ ಏನಂತ ಹೇಳ್ಲಿ ಸಾರ್?" ಎಂದು ಕೇಳಿ, ವರಾಂಡದ ಬೆಂಚಿನ ಮೇಲೆ ಕೂತು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆ ದಿನ ಡಬ್ಬಿಯ ಊಟವನ್ನು ಯಾವ ದಿಕ್ಕಿಗೆ ಕೂತು ಉಂಡೆನೋ ನೆನಪಿಲ್ಲ. ವರದಿಯ ಇನ್ನೊಂದು ಪ್ರತಿ ಉಪವಿಭಾಗಕ್ಕೆ ಹೋಯಿತು. ಅವರು ಅದರ ಆಧಾರದ ಮೇಲೆ ಬಾವಿ ಮುಚ್ಚುವ ಕಾರ್ಯಾದೇಶ ಹೊರಡಿಸಿದರು.

ಜುಲೈ ಒಂದು. ಸಂಸ್ಥೆಯ ಪರವಾಗಿ ಹಾಜರಿರಲು ನಾನು ಹಿನಕಲ್ಲಿಗೆ ಹೋದೆ. ಉಪವಿಭಾಗದ ಎಂಜಿನಿಯರ್ ಮಹದೇವು ಒಂದು ಜೆಸಿಬಿ, ಎರಡು ಟಿಪ್ಪರ್ ಮಣ್ಣು ತಂದು ನಿಂತಿದ್ದರು. ಫೈಬರ್ ಹೆಣ್ಣುಮಗಳು ಆಟೋದಲ್ಲಿ ಮಲಗಿದ್ದಳು, ಬಿಂದಿಗೆ ಹೊರಗೆ ಚಾಚಿತ್ತು. ಕೆಂಚಮ್ಮನವರು ಬಾವಿಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು, ಸುತ್ತ ಬೀದಿಯ ಹೆಂಗಸರು.

"ಎದ್ದೇಳವ್ವ, ಗೌರ್ಮೆಂಟ್ ಕೆಲಸ," ಎಂದರು ಮಹದೇವು.

"ನಾ ಏಳಕ್ಕಿಲ್ಲ. ಮಣ್ಣಾಕಂಗಿದ್ರೆ ನನ್ನೂ ಸೇರುಸ್ಕಂಡು ಆಕು," ಎಂದರು ಅಜ್ಜಿ. "ನಾ ಈ ಊರ್ಗೆ ಬಂದ್ ದಿನ ನಮ್ಮತ್ತೆ ಮೊದ್ಲು ತೋರ್ಸಿದ್ದು ಗಂಡನ್ನಲ್ಲ ಕಣಪ್ಪ, ಈ ಬಾವೀನ."

ನಿಶ್ಚಿತಾ ಮಹದೇವು ಕೈಯಿಂದ ಕಾರ್ಯಾದೇಶ ಇಸಿದುಕೊಂಡು ಓದುತ್ತಿದ್ದಳು. ಓದುತ್ತಾ ಓದುತ್ತಾ ಅವಳ ಮುಖ ಬೇರೆಯಾಯಿತು. ಫೋನು ತೆಗೆದು, ಕಟ್ಟೆಯ ಮೇಲೆ ಇಟ್ಟು, ಶಿಬಿರದಲ್ಲಿ ಕಲಿತ ಹಾಗೆ ಅಂಕಿ ಬರಿಸಿದಳು. ಆದೇಶದ ಪಕ್ಕಕ್ಕೆ ಹಿಡಿದಳು.

"ಸಾರ್, ನೀವು ಈ ಆದೇಶದಲ್ಲಿರೋ ಬಾವಿ ತಾನೇ ಮುಚ್ಚಬೇಕು?"

"ಹೂಂ ಕಣಮ್ಮ. ಹಿನಕಲ್ ಬಾವಿ, ಪ್ರತಿಷ್ಠಾನದ ನಕ್ಷೆ, ಬಿಂದು ಸಂಖ್ಯೆ ಏಳು."

"ಅಕ್ಷಾಂಶ ಎಷ್ಟಿದೆ ಓದಿ."

"ಎಪ್ಪತ್ತಾರು..."

"ಇಲ್ಲಿ ಫೋನಲ್ಲಿ ಓದಿ."

"ಹನ್ನೆರಡು..." ಮಹದೇವು ತಡವರಿಸಿದರು.

"ನಿಮ್ಮ ಬಾವಿ ಇಲ್ಲಿಂದ ಎಂಟು ಸಾವಿರ ಕಿಲೋಮೀಟರ್ ಸಾರ್. ಇದು ಬೇರೆ."

"ಏನಮ್ಮಾ, ಕಣ್ಣೆದುರಿಗೇ ಬಾವಿ ಅದೆ..."

"ಇದು ಬಾವಿ ಅಂತ ಯಾವ ಕಾಗದದಲ್ಲಿದೆ? ತೋರಿಸಿ, ಮುಚ್ಚಿ. ಹಿನಕಲ್ ಬಾವಿ ಸಮುದ್ರದಲ್ಲಿದೆ. ಸ್ಥಳ ಪರಿಶೀಲನೆ ಮಾಡಿ ಬಂದವರು ಇಲ್ಲೇ ನಿಂತಿದ್ದಾರೆ, ಕೇಳಿ," ಎಂದು ನನ್ನ ಕಡೆ ತಿರುಗಿದಳು.

ಎಲ್ಲರೂ ನನ್ನನ್ನು ನೋಡಿದರು. ಕೆಂಚಮ್ಮನವರೂ ನೋಡಿದರು. ಇಪ್ಪತ್ತಾರು ವರ್ಷದ ಸೇವೆಯಲ್ಲಿ ಇಷ್ಟು ಸಂತೋಷದಿಂದ ನಾನು ನಿಯಮ ಪಾಲಿಸಿದ್ದು ಅದೇ ಮೊದಲು. "ಹೌದು," ಎಂದೆ ಗಟ್ಟಿಯಾಗಿ. "ನಾನೇ ಕಣ್ಣಾರೆ ನೋಡಿದ್ದೇನೆ. ಹಿನಕಲ್ ಬಾವಿ ಸಮುದ್ರದಲ್ಲಿದೆ. ಕಟ್ಟೆ ಇಲ್ಲ, ನೀರು ಉಪ್ಪು. ಇಲ್ಲಿ ಕಟ್ಟೆ ಇದೆ. ಆದ್ದರಿಂದ ಇದು ಅದಲ್ಲ."

ಮಹದೇವು ತಲೆ ಕೆರೆದುಕೊಂಡರು. ಅವರು ಕೆಟ್ಟವರಲ್ಲ, ಆಡಿಟ್‌ಗೆ ಹೆದರುವ ಮನುಷ್ಯ. ಆದೇಶದಲ್ಲಿಲ್ಲದ ಜಾಗದಲ್ಲಿ ಒಂದು ಬಾಣಲಿ ಮಣ್ಣು ಹಾಕಿದರೂ ನಾಳೆ ಅದನ್ನು ಬರಿಗೈಯಲ್ಲಿ ತೆಗೆಸುತ್ತಾರೆ. ಹಾಗಂತ ಆದೇಶ ವಾಪಸು ಒಯ್ದರೆ ಕೆಲಸ ಮಾಡದವನೆಂಬ ಷರಾ. ಬೆವರು ಒರೆಸಿಕೊಂಡು ಗುತ್ತಿಗೆದಾರ ಸಿದ್ದಮಲ್ಲಪ್ಪನವರಿಗೆ ಫೋನು ಮಾಡಿ, ಎಲ್ಲರಿಗೂ ಕೇಳುವಂತೆ ಇಟ್ಟರು. ಬಾವಿ ಇಲ್ಲಿಲ್ಲ, ಸಮುದ್ರದಲ್ಲಿದೆ ಎಂದು ವಿವರಿಸಿದರು. ಆ ಕಡೆಯಿಂದ ಬೈಗುಳ ಬರುತ್ತದೆಂದು ನಾವೆಲ್ಲ ಕಿವಿ ಗಟ್ಟಿಮಾಡಿಕೊಂಡೆವು.

"ಆಳ ಎಷ್ಟೈತಂತೆ?" ಎಂದರು ಸಿದ್ದಮಲ್ಲಪ್ಪ.

ಮಹದೇವು ನನ್ನ ಮುಖ ನೋಡಿದರು. "ಹಗ್ಗಕ್ಕೆ ತಳ ಸಿಗಲಿಲ್ಲ," ಎಂದೆ.

"ತಳನೇ ಇಲ್ವಾ?"

"ಕಂಡುಬರಲಿಲ್ಲ."

"ಸಾರ್, ನಾನು ಅಲ್ಲಿಗೇ ಹಾಕ್ತೀನಿ," ಎಂದರು ಸಿದ್ದಮಲ್ಲಪ್ಪ. "ಎಷ್ಟು ಲೋಡು ಹಿಡಿದ್ರೂ ಹಾಕ್ತೀನಿ. ತುಂಬೋವರೆಗೂ ಬಿಡಲ್ಲ. ನಂದಾಗದಿದ್ರೆ ನನ್ ಮಗ ಹಾಕ್ತಾನೆ. ಇಂಥ ಬಾವಿಗಾಗಿ ಇಷ್ಟು ವರ್ಷ ಕಾಯ್ತಿದ್ದೆ ಸಾರ್."

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಟಿಪ್ಪರುಗಳು ತಿರುಗಿದವು. ಅಂದಿನಿಂದ ಇಂದಿನವರೆಗೆ ಸಮುದ್ರಕ್ಕೆ ದಿನಕ್ಕೆ ನಲವತ್ತು ಲೋಡು ಮಣ್ಣು ಬೀಳುತ್ತಿದೆ ಎಂದು ಉಪವಿಭಾಗದ ಪುಸ್ತಕದಲ್ಲಿದೆ. ಟಿಪ್ಪರುಗಳು ಸಿದ್ದಮಲ್ಲಪ್ಪನವರ ಮನೆಯ ಹಿಂದೆ ನಿಂತಿವೆ ಎಂದು ಕೆಲವರು ಹೇಳುತ್ತಾರೆ, ಅದನ್ನು ಅವರು ಲಿಖಿತದಲ್ಲಿ ಕೊಟ್ಟಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಎಂದು ಪತ್ರಿಕೆಯವರೊಬ್ಬರು ಆಡಿಕೊಂಡರು. ಉಪವಿಭಾಗವು ಕೂಡಲೇ ಸ್ಪಷ್ಟೀಕರಣ ಕೊಟ್ಟು, ಅಲ್ಲಿ ಹಾಕುತ್ತಿರುವುದು ಮಣ್ಣೇ ಹೊರತು ಹುಣಸೆಹಣ್ಣಲ್ಲ ಎಂದು ತಿಳಿಸಿತು.

ಆದರೆ ಆ ದಿನ ಹೊರಡುವ ಮುಂಚೆ ಮಹದೇವು ಒಂದು ತೊಡಕು ಎತ್ತಿದರು. "ನಾಳೆ ಯಾರಾದ್ರೂ ಬಂದು, ಇಲ್ಲೊಂದು ಬಾವಿ ಅದೆ ಅಂದ್ಬುಟ್ರೆ ನಾನು ಮತ್ತೆ ಬಂದು ಮುಚ್ಚಬೇಕಾಗ್ತದೆ. ಬರವಣಿಗೇಲಿ ಕೊಡಿ," ಎಂದರು. ನ್ಯಾಯವಾದ ಮಾತು. ಅಲ್ಲೇ ಜೆಸಿಬಿಯ ಬಾನೆಟ್ಟಿನ ಮೇಲೆ ಕಾಗದ ಇಟ್ಟುಕೊಂಡು ನಾನೇ ಮುಚ್ಚಳಿಕೆ ಬರೆದೆ: 'ನಮ್ಮ ಮನೆಯ ಎದುರಿಗೆ ಬಾವಿ ಇರುವುದಿಲ್ಲ. ನಾವು ಅದರಿಂದ ನೀರು ಸೇದುವುದಿಲ್ಲ. ಹಿನಕಲ್ ಬಾವಿಯ ನೀರು ಉಪ್ಪೆಂದು ಒಪ್ಪಿದ್ದೇವೆ. ಯಾರು ಕೇಳಿದರೂ ಹೀಗೆಯೇ ಹೇಳತಕ್ಕದ್ದು.'

ನಿಶ್ಚಿತಾ ಅದನ್ನು ಓದಿ ಹೇಳಿದಳು. ಕೆಂಚಮ್ಮನವರು ಕಟ್ಟೆಯ ಮೇಲೆ ಕೂತೇ ಕೇಳಿಸಿಕೊಂಡರು.

"ಬಾವಿ ಇಲ್ಲ ಅಂದ್ರೆ ಬಾವಿ ಉಳೀತದಾ?" ಎಂದು ಕೇಳಿದರು.

"ಉಳಿಯುತ್ತೆ ಅಜ್ಜಿ."

"ಅಂಗಾರೆ ಇಲ್ಲ ಬುಡು," ಎಂದು ಹೆಬ್ಬೆಟ್ಟು ಒತ್ತಿದರು. ಬೀದಿಯ ಹೆಂಗಸರೆಲ್ಲ ಸಾಲಾಗಿ ಬಂದು, ಬಾವಿ ಇಲ್ಲ, ಬಾವಿ ಇಲ್ಲ ಎಂದು ನಗುತ್ತಾ ಸಹಿ ಹಾಕಿದರು. ನಿಶ್ಚಿತಾ ಅಜ್ಜಿಯನ್ನು ತಬ್ಬಿಕೊಂಡದ್ದನ್ನೂ, ಮಹದೇವು ಮುಖ ಆ ಕಡೆ ಮಾಡಿ ಕಣ್ಣೊರೆಸಿಕೊಂಡದ್ದನ್ನೂ ನಾನು ನೋಡಿದೆ. ಕಡತಕ್ಕೆ ಸಂಬಂಧಿಸಿದ್ದಲ್ಲವಾದ್ದರಿಂದ ಬರೆಯಲಿಲ್ಲ.

ಸುದ್ದಿ ಹಬ್ಬಲು ಹೊತ್ತು ಬೇಕೇ? ಒಂದೇ ವಾರದಲ್ಲಿ ಪ್ರತಿಷ್ಠಾನದ ಮುಂದೆ ಸಾಲು ಶುರುವಾಯಿತು. ಕುಂಬಾರಕೊಪ್ಪಲಿನವರು ತಮ್ಮ ಮಕ್ಕಳ ಆಟದ ಬಯಲನ್ನು ಸಮುದ್ರಕ್ಕೆ ಹಾಕಿಕೊಡಿ ಎಂದು ಬಂದರು. ಸಿದ್ಧಾರ್ಥನಗರದ ಹಿರಿಯ ನಾಗರಿಕರು ರಸ್ತೆ ಬದಿಯ ಹನ್ನೆರಡು ಮರಗಳ ಪಟ್ಟಿ ತಂದರು. ಯಾವುದು ಉಳಿಯಬೇಕೋ ಅದನ್ನೆಲ್ಲ ಜನ ಸಮುದ್ರಕ್ಕೆ ಸಾಗಿಸತೊಡಗಿದರು. ನೆಲದ ಮೇಲೆ ಸರಿಯಾಗಿ ನಮೂದಾದ ಯಾವುದಕ್ಕೂ ಇನ್ನು ಭದ್ರತೆಯಿಲ್ಲ ಎಂಬ ತಿಳಿವಳಿಕೆ ಸಾಮಾನ್ಯ ಜನರಲ್ಲೂ ಬಂದಿರುವುದು ನಮ್ಮ ಶಿಬಿರದ ಸಾಧನೆ ಎಂದು ವಾರ್ಷಿಕ ವರದಿಯಲ್ಲಿ ಬರೆದಿದ್ದೇವೆ. ಎರಡನೆಯ ಶಿಬಿರವೂ ಆಯಿತು. ಸುಷ್ಮಾ ಮೇಡಂ ಮೊದಲನೆಯ ಪಾಠದಲ್ಲೇ, "ಪೂರ್ವ ಮೊದಲು, ತಲೆಬರಹ ನೋಡಬೇಡಿ," ಎಂದು ಕಲಿಸಿದರು. ಈಗ ಅವರಿಗೆ ಸಾಕಷ್ಟು ಅನುಭವವಾಗಿದೆ. ಮಹದೇವು ಒಂದು ಸಂಜೆ ಸುತ್ತಮುತ್ತ ನೋಡಿಕೊಂಡು ಬಂದು, ತಮ್ಮ ಬೀದಿಯ ಹೊಂಗೆ ಮರದ ಅರ್ಜಿ ಕೊಟ್ಟು ಹೋದರು.

ನಿಶ್ಚಿತಾಳ ಡಾಕ್ಟರೇಟ್ ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು, ಸಮುದ್ರದ ನಡುವೆ ಬಾವಿಕಟ್ಟೆಯ ಮಾತು ಹೇಗೆ ಸಂಗ್ರಹಿಸಿದಿರಿ ಎಂದು ಕೇಳಿದರು. "ದಿನಾ ಬಸ್ಸಿನಲ್ಲಿ ಹೋಗಿ ಬರ್ತಿದ್ದೆ ಸಾರ್," ಎಂದಳು. ಕ್ಷೇತ್ರಕಾರ್ಯದ ಶ್ರಮವನ್ನು ಅವರು ವಿಶೇಷವಾಗಿ ಮೆಚ್ಚಿದರು.

ಮೊನ್ನೆ ವಾರ್ಷಿಕ ತಪಾಸಣೆಗೆಂದು ಹಿನಕಲ್ಲಿಗೆ ಹೋಗಿದ್ದೆ. ಬಾವಿ ಇಲ್ಲವೆಂಬುದನ್ನು ವರ್ಷಕ್ಕೊಮ್ಮೆ ಖಾತರಿ ಮಾಡಿಕೊಳ್ಳಬೇಕು. ಕೆಂಚಮ್ಮನವರು ರಾಟೆಯಲ್ಲಿ ಬಿಂದಿಗೆ ಎಳೆಯುತ್ತಿದ್ದರು. ಬಿಸಿಲು ಜೋರಾಗಿತ್ತು, ನನ್ನನ್ನು ಕಟ್ಟೆಯ ನೆರಳಿಗೆ ಕರೆದು ಕೂರಿಸಿ, ಆಗತಾನೆ ಸೇದಿದ ನೀರನ್ನು ಚೊಂಬಿಗೆ ಬಗ್ಗಿಸಿ ಕೊಟ್ಟರು. ಗಟಗಟ ಕುಡಿದೆ. ಅಂಥ ತಣ್ಣನೆಯ, ಸಿಹಿಯಾದ ನೀರನ್ನು ನಾನು ಚಿಕ್ಕಂದಿನ ಮೇಲೆ ಕುಡಿದಿರಲಿಲ್ಲ.

"ಎಂಗದೆ ಸ್ವಾಮಿ ನೀರು?" ಎಂದು ಕೇಳಿದರು ಅಜ್ಜಿ.

"ಉಪ್ಪು ಕಣಮ್ಮ," ಎಂದೆ.

"ಊಂ, ಬಾಳ ಉಪ್ಪು," ಎಂದು ಅವರು ಇನ್ನೊಂದು ಚೊಂಬು ಬಗ್ಗಿಸಿದರು.